ಸಂಬಳವೋ, ಸ್ಟೇಜೋ? ಮನೆಯಲ್ಲೇ ಮಾಡಿದ ಒಂದು ಲೆಕ್ಕ



ಅರ್ಥಶಾಸ್ತ್ರದ ಮೊದಲ ಅಧ್ಯಾಯದಲ್ಲೇ ನಾವು ‘ಅವಕಾಶ ವೆಚ್ಚ’ ಎಂಬ ಮಾತನ್ನು ಓದುತ್ತೇವೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಆಯ್ಕೆಗಳಲ್ಲಿ ಅತ್ಯುತ್ತಮವಾದದ್ದರ ಬೆಲೆಯೇ ಅವಕಾಶ ವೆಚ್ಚ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ. ನಾನೂ ಎರಡು ಅಂಕಕ್ಕೆ ಸಾಕಾಗುವಷ್ಟೇ ಓದಿದ್ದೆ. ಈ ವರ್ಷ ಮೇ ತಿಂಗಳಲ್ಲಿ ಆ ಪ್ರಶ್ನೆ ನಮ್ಮ ಮನೆಗೇ ಬಂತು.

ನನ್ನ ಭಾಯಿಗೆ 24 ವರ್ಷ. ಬಿ.ಕಾಂ. ಮುಗಿಸಿದ್ದಾನೆ. ಕೆಲಸ ಕೀಬೋರ್ಡ್ ನುಡಿಸುವುದು. ದಾವಣಗೆರೆ, ಹರಿಹರ, ಚನ್ನಗಿರಿ, ಜಗಳೂರು ಕಡೆ ಮದುವೆ ಆರತಕ್ಷತೆ, ಗಣೇಶೋತ್ಸವ, ರಾಜ್ಯೋತ್ಸವ, ಉರುಸಿನ ಖವ್ವಾಲಿ, ಎಲ್ಲಿ ಕರೆದರೂ ಆರ್ಕೆಸ್ಟ್ರಾ ಜೊತೆ ಹೋಗುತ್ತಾನೆ. ಮೇ ಕೊನೆಯ ವಾರ ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಇದೆ ಎಂದು ಅಬ್ಬಾನ ಸ್ನೇಹಿತರೊಬ್ಬರು ಹೇಳಿದರು. ಸಂಬಳ ತಿಂಗಳಿಗೆ 16,000. ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಕೆಲಸ, ವಾರಕ್ಕೊಂದು ರಜೆ. ಹದಿನೈದು ದಿನದೊಳಗೆ ಉತ್ತರ ಕೊಡಬೇಕಿತ್ತು. ಅಮ್ಮಿಗೆ ಸಂತೋಷ. ಭಾಯಿಗೆ ಎರಡು ದಿನ ಊಟವೇ ಸೇರಲಿಲ್ಲ.

ಮೂರನೆಯ ದಿನ ಅವನು ತನ್ನ ಡೈರಿ ತಂದು ನನ್ನ ಮುಂದೆ ಇಟ್ಟು, “ಕಾಮರ್ಸ್ ಓದ್ತಾ ಇದ್ದೀಯಲ್ಲ, ಯಾವುದು ಲಾಭ ಅಂತ ನೀನೇ ಹೇಳು” ಎಂದ. ಆ ಲೆಕ್ಕದಲ್ಲಿ ನಾನು ಎಲ್ಲೆಲ್ಲಿ ತಪ್ಪಿದೆ, ಯಾರು ತಿದ್ದಿದರು, ಕೊನೆಗೆ ಏನು ಉಳಿಯಿತು ಎಂಬುದೇ ಈ ಲೇಖನ. ಸಂಗೀತಗಾರರಿಗೆ ಮಾತ್ರ ಅಲ್ಲ, ಫೋಟೋ ತೆಗೆಯುವವರು, ಮೆಹಂದಿ ಹಾಕುವವರು, ಅಡುಗೆ ಕಂಟ್ರಾಕ್ಟ್ ಹಿಡಿಯುವವರು, ಹೀಗೆ ‘ಕರೆದರೆ ಕೆಲಸ’ ಇರುವ ಎಲ್ಲರಿಗೂ ಇದು ಅನ್ವಯಿಸುತ್ತದೆ. ನಮ್ಮ ಕಾಲೇಜಿನಲ್ಲಿ ಅಂಥ ಮನೆಗಳಿಂದ ಬರುವವರು ಬಹಳ ಜನ ಇದ್ದೀರಿ.

ಮೊದಲ ತಪ್ಪು: ಬಂದದ್ದೆಲ್ಲ ಆದಾಯವಲ್ಲ

2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ಭಾಯಿ 98 ಕಾರ್ಯಕ್ರಮ ಮಾಡಿದ್ದ. ಕೆಲವಕ್ಕೆ 2,000, ಕೆಲವಕ್ಕೆ 3,500, ಸರಾಸರಿ 2,500. ಒಟ್ಟು 2,45,000. ಅಂಗಡಿ ಸಂಬಳ ವರ್ಷಕ್ಕೆ 1,92,000. “ಭಾಯಿ, ಸಂಗೀತವೇ 53,000 ಹೆಚ್ಚು!” ಎಂದು ರಾತ್ರಿ ಊಟದ ಹೊತ್ತಿಗೆ ಎಲ್ಲರ ಮುಂದೆ ಘೋಷಿಸಿಬಿಟ್ಟೆ. ಭಾಯಿ ನಕ್ಕ. ಅಬ್ಬಾ ತಟ್ಟೆಯಿಂದ ತಲೆ ಎತ್ತದೆ, “ಪೆಟ್ರೋಲ್ ಯಾರು ಹಾಕಿದ್ದು?” ಎಂದು ಕೇಳಿದರು.

ಮರುದಿನ ಸರಿಯಾಗಿ ಕುಳಿತೆ. ಮಾತಾಡಿಕೊಂಡ 2,45,000ದಲ್ಲಿ ಕೈಗೆ ಬಂದದ್ದು 2,27,000 ಮಾತ್ರ. 18,000 ಬಾಕಿ. ಅದರಲ್ಲಿ 8,000 ಬರುವ ಹಾಗೇ ಇಲ್ಲ, ಕಾರ್ಯಕ್ರಮ ಮಾಡಿಸಿದವರು ಈಗ ಫೋನ್ ಎತ್ತುವುದಿಲ್ಲ. ಇದು ನಾವು ಓದುವ ‘ವಸೂಲಾಗದ ಸಾಲ’. ಅದನ್ನು ಕಳೆದರೆ ಆದಾಯ 2,37,000.

ಇನ್ನು ಖರ್ಚು:

ಓಡಾಟ – 21,000
ಕೇಬಲ್, ಅಡಾಪ್ಟರ್, ರಿಪೇರಿ – 9,000
ಸ್ಟೇಜ್ ಬಟ್ಟೆ – 6,000
ಫೋನ್, ಡೇಟಾ – 4,000
ಒಟ್ಟು – 40,000

ಇಷ್ಟಕ್ಕೇ ನಿಲ್ಲಿಸಿ ನಮ್ಮ ಅಕೌಂಟೆನ್ಸಿ ಸರ್‌ಗೆ ತೋರಿಸಿದೆ. ಅವರು ಹಾಳೆ ನೋಡಿ, “ಸವಕಳಿ ಎಲ್ಲಿ?” ಎಂದರು. ಕೀಬೋರ್ಡ್ 72,000 ರೂಪಾಯಿಯದು. ಅಮ್ಮಿ ಚೀಟಿ ಎತ್ತಿ ಕೊಡಿಸಿದ್ದು. ಐದು ವರ್ಷ ಬಾಳಿಕೆ ಬರುತ್ತದೆ, ಆಮೇಲೆ ಮಾರಿದರೆ 12,000 ಸಿಗಬಹುದು ಎಂದಿಟ್ಟುಕೊಂಡರೆ, ಸರಳ ರೇಖಾ ವಿಧಾನದಲ್ಲಿ ವರ್ಷಕ್ಕೆ 12,000 ಸವಕಳಿ. ಈ ಹಣ ಯಾರ ಕೈಗೂ ಹೋಗುವುದಿಲ್ಲ, ಆದ್ದರಿಂದ ಡೈರಿಯಲ್ಲಿ ಕಾಣುವುದಿಲ್ಲ. ಆದರೆ ಐದನೆಯ ವರ್ಷ ಹೊಸ ಕೀಬೋರ್ಡ್ ಬೇಕಾದಾಗ ಒಟ್ಟಿಗೇ ಕಾಣುತ್ತದೆ. ಆಗ ಮತ್ತೆ ಅಮ್ಮಿಯೇ ಚೀಟಿ ಎತ್ತಬೇಕು.

2,37,000ದಿಂದ 40,000 ಮತ್ತು 12,000 ಕಳೆದರೆ 1,85,000. ತಿಂಗಳಿಗೆ ಸುಮಾರು 15,400. ಅಂಗಡಿ ಕೆಲಸವೇ 7,000 ಮುಂದೆ! ಒಂದೇ ದಿನದಲ್ಲಿ ನನ್ನ ಉತ್ತರ ತಿರುಗಿಬಿದ್ದಿತ್ತು. ಭಾಯಿಗೆ ಇದನ್ನು ಹೇಳಲು ನನಗೆ ನಾಲಿಗೆ ಬರಲಿಲ್ಲ. ಹಾಳೆಯನ್ನು ಡೈರಿಯೊಳಗೆ ಇಟ್ಟು ಸುಮ್ಮನಾದೆ.

ಎರಡನೆಯ ತಪ್ಪು: ಗಂಟೆಗಳನ್ನು ಎಣಿಸದೆ ಇದ್ದದ್ದು

ಹಾಳೆ ನೋಡಿದ ಭಾಯಿ ಕೋಪ ಮಾಡಿಕೊಳ್ಳಲಿಲ್ಲ. “ಅಲ್ಲಿ ಎಷ್ಟು ಹೊತ್ತು ಕೂರಬೇಕು, ಇಲ್ಲಿ ಎಷ್ಟು ಹೊತ್ತು, ಅದನ್ನು ಬರೆದೆಯಾ?” ಎಂದ. ಬರೆದಿರಲಿಲ್ಲ.

ಅಂಗಡಿ: ದಿನಕ್ಕೆ 11 ಗಂಟೆ, ತಿಂಗಳಿಗೆ 26 ದಿನ, ವರ್ಷಕ್ಕೆ 3,432 ಗಂಟೆ. 1,92,000ವನ್ನು ಭಾಗಿಸಿದರೆ ಗಂಟೆಗೆ 56 ರೂಪಾಯಿ.

ಸಂಗೀತ: ಕಾರ್ಯಕ್ರಮ ಮೂರು ಗಂಟೆಯದೇ ಆದರೂ ಹೊರಡುವುದು, ಸಾಮಾನು ಇಳಿಸುವುದು, ಸೌಂಡ್ ಚೆಕ್, ಕಾಯುವುದು, ವಾಪಸ್ ಬರುವುದು ಎಲ್ಲ ಸೇರಿ 9 ಗಂಟೆ. 98 ಕಾರ್ಯಕ್ರಮಕ್ಕೆ 882. ದಿನಕ್ಕೆ ಒಂದೂವರೆ ಗಂಟೆಯಂತೆ 300 ದಿನದ ಅಭ್ಯಾಸ 450. ರಿಹರ್ಸಲ್ 150. ಒಟ್ಟು 1,482 ಗಂಟೆ. 1,85,000ವನ್ನು ಭಾಗಿಸಿದರೆ ಗಂಟೆಗೆ ಸುಮಾರು 125 ರೂಪಾಯಿ.

ಅಂದರೆ ಗಂಟೆಯ ಲೆಕ್ಕದಲ್ಲಿ ಸಂಗೀತಕ್ಕೆ ಎರಡು ಪಟ್ಟಿಗೂ ಹೆಚ್ಚು ಬೆಲೆ. ಎರಡರ ನಡುವಿನ ವ್ಯತ್ಯಾಸ 1,950 ಗಂಟೆ. ಭಾಯಿಯ ಸಮಸ್ಯೆ ಕಡಿಮೆ ಗಳಿಕೆ ಅಲ್ಲ, ಆ 1,950 ಗಂಟೆ ಖಾಲಿ ಕೂತಿರುವುದು ಎಂದು ನನಗೆ ಹೊಳೆದದ್ದು ಇಲ್ಲಿ. ‘ಸಂಬಳವೋ, ಸ್ಟೇಜೋ’ ಎಂದು ಕೇಳಿದ್ದೇ ಪೂರ್ತಿ ಸರಿಯಾದ ಪ್ರಶ್ನೆ ಆಗಿರಲಿಲ್ಲ.

ಕ್ಯಾಲೆಂಡರ್ ಎಂಬ ದೊಡ್ಡ ಯಜಮಾನ

ಸರಾಸರಿ 15,400 ಎಂದೆ. ಆದರೆ ಯಾವ ತಿಂಗಳೂ ಸರಾಸರಿ ತಿಂಗಳಲ್ಲ. ಡೈರಿಯಲ್ಲಿ ಮೇ ತಿಂಗಳು 16 ಕಾರ್ಯಕ್ರಮ, ನವೆಂಬರ್ 14, ಜುಲೈ ಬರೀ 1. ಕಾರಣ ನಮ್ಮೂರಿನ ಎಲ್ಲರಿಗೂ ಗೊತ್ತು. ಆಷಾಢದಲ್ಲಿ ಹಿಂದೂ ಮನೆಗಳಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ. ನಮ್ಮವರಲ್ಲಿ ಅನೇಕರು ಮುಹರ್ರಂ ತಿಂಗಳಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ರಂಜಾನ್‌ನಲ್ಲಿ ಭಾಯಿಯೇ ಕೀಬೋರ್ಡ್‌ಗೆ ಬಟ್ಟೆ ಮುಚ್ಚಿ ಇಡುತ್ತಾನೆ. 2025ರಲ್ಲಿ ಆಷಾಢವೂ ಮುಹರ್ರಮೂ ಹೆಚ್ಚು ಕಡಿಮೆ ಒಂದೇ ದಿನಗಳಲ್ಲಿ ಬಂದವು. ಜುಲೈ ಖಾಲಿಯಾದದ್ದು ಹಾಗೆ.

ಈ ವರ್ಷ ಇನ್ನೊಂದು ಪೆಟ್ಟು. ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ ಬಂತು. ಅಧಿಕ ಮಾಸದಲ್ಲಿ ಶುಭಕಾರ್ಯ ಮಾಡುವುದಿಲ್ಲ. ಕಳೆದ ವರ್ಷ ಅದೇ ದಿನಗಳಲ್ಲಿ ಭಾಯಿಗೆ 12 ಕಾರ್ಯಕ್ರಮ ಇದ್ದವು, ಈ ಸಲ 3. ಅಂಗಡಿ ಕೆಲಸದ ಮಾತು ಬಂದದ್ದು ಸರಿಯಾಗಿ ಆಗಲೇ. ಕೈ ಖಾಲಿ ಇದ್ದಾಗ 16,000 ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನಾನು ಕಣ್ಣಾರೆ ನೋಡಿದೆ. ಆದ್ದರಿಂದ ನನ್ನ ಮೊದಲ ಸಲಹೆ: ಕೆಲಸ ಬಿಡುವ, ಹಿಡಿಯುವ ತೀರ್ಮಾನವನ್ನು ಒಣ ತಿಂಗಳಲ್ಲೂ ಮಾಡಬೇಡಿ, ತುಂಬಿದ ತಿಂಗಳಲ್ಲೂ ಮಾಡಬೇಡಿ. ಹನ್ನೆರಡು ತಿಂಗಳ ಹಾಳೆ ಮುಂದಿಟ್ಟುಕೊಂಡು ಮಾಡಿ.

ಕ್ಯಾಲೆಂಡರ್‌ನಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು, ಆದ್ದರಿಂದ ರಂಜಾನ್ ಪ್ರತಿ ವರ್ಷ ಅಷ್ಟು ದಿನ ಹಿಂದೆ ಸರಿಯುತ್ತದೆ. ಈ ವರ್ಷ ಫೆಬ್ರವರಿ 19ರ ಸುಮಾರಿಗೆ ಶುರುವಾಗಿ ಮದುವೆ ಸೀಸನ್‌ಗೇ ಬಿತ್ತು. 2030ರ ಹೊತ್ತಿಗೆ ಅದು ಜನವರಿ ಮೊದಲ ವಾರಕ್ಕೆ ಹೋಗುತ್ತದೆ. ಆಗ ಧನುರ್ಮಾಸ ಮುಗಿಯುವವರೆಗೆ ಎರಡು ಖಾಲಿ ಅವಧಿಗಳು ಒಂದರ ಮೇಲೊಂದು ಬೀಳುತ್ತವೆ, ನಷ್ಟ ಅಷ್ಟು ಕಡಿಮೆ.

ಏರಿಳಿತಕ್ಕೆ ಮದ್ದು ಏನು? ತನಗೆ ತಾನೇ ಸಂಬಳ ಕೊಟ್ಟುಕೊಳ್ಳುವುದು. ಕೈಗೆ ಬಂದ 2,27,000ದಲ್ಲಿ 40,000 ಖರ್ಚು ಹೋದರೆ 1,87,000 ನಗದು. ಎಲ್ಲವನ್ನೂ ಬ್ಯಾಂಕಿಗೆ ಹಾಕಿ, ಮೇ ಇರಲಿ ಜುಲೈ ಇರಲಿ, ತಿಂಗಳಿಗೆ 12,000 ಮಾತ್ರ ತೆಗೆದರೆ ವರ್ಷಕ್ಕೆ 1,44,000. ಉಳಿದ 43,000ದಲ್ಲಿ 12,000 ಹೊಸ ಕೀಬೋರ್ಡಿನ ಪಾಲು, 31,000 ಕಷ್ಟಕಾಲದ ಪಾಲು. ಕಳೆದ ಮೇನಲ್ಲಿ ಭಾಯಿ ಹೊಸ ಫೋನ್ ಕೊಂಡ, ಜುಲೈನಲ್ಲಿ ಅಬ್ಬಾ ಹತ್ತಿರ ಕೈಸಾಲ ಕೇಳಿದ. ವರ್ಷದ ಆದಾಯ ಸಾಕಷ್ಟಿತ್ತು, ತಿಂಗಳಿಗೆ ಹಂಚಿಕೊಂಡಿರಲಿಲ್ಲ. ಲಾಭ ಬೇರೆ, ನಗದು ಹರಿವು ಬೇರೆ ಎಂದು ಪಾಠದಲ್ಲಿ ಹೇಳುವುದು ಇದನ್ನೇ.

ಸಂಬಳ ಎಂದರೆ ಭದ್ರತೆಯೇ?

“ಸಂಬಳದ ಕೆಲಸದಲ್ಲಿ ಪಿ.ಎಫ್. ಇರುತ್ತೆ, ಇ.ಎಸ್.ಐ. ಇರುತ್ತೆ” ಎಂದು ನಾನು ಅಂದುಕೊಂಡಿದ್ದೆ. ಕೇಳಿ ನೋಡಿದರೆ ಆ ಅಂಗಡಿಯಲ್ಲಿ ಇರುವವರು ಎಂಟೇ ಜನ. ಪಿ.ಎಫ್. ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯ, ಇ.ಎಸ್.ಐ. 10 ಅಥವಾ ಹೆಚ್ಚು ಜನರಿರುವಲ್ಲಿ. ಎರಡೂ ಇಲ್ಲಿ ಇಲ್ಲ. ಅದು ಅಂಗಡಿಯವರ ತಪ್ಪಲ್ಲ, ಕಾನೂನೇ ಹಾಗೆ. ಆದರೆ ಕೆಲಸ ಒಪ್ಪುವ ಮುಂಚೆ ಕೇಳಬೇಕಾದ ಪ್ರಶ್ನೆ ಅದು. ಪಿ.ಎಫ್. ಇರುವ ಕಡೆ ನಾವು ಮೂಲ ವೇತನದ ಶೇ. 12 ಕಟ್ಟಿದರೆ ಮಾಲೀಕರೂ ಶೇ. 12 ಹಾಕುತ್ತಾರೆ. ಅದು ಕಾಣದ ಸಂಬಳ.

ಸಂಗೀತಗಾರನಿಗೆ ರಜೆಯೂ ಇಲ್ಲ, ವಿಮೆಯೂ ಇಲ್ಲ. ಕಳೆದ ಆಗಸ್ಟ್‌ನಲ್ಲಿ ಚನ್ನಗಿರಿ ಕಡೆಯಿಂದ ರಾತ್ರಿ ಬರುವಾಗ ಮಳೆಗೆ ಬೈಕ್ ಜಾರಿ ಭಾಯಿಯ ಮಣಿಕಟ್ಟು ಉಳುಕಿತು. ಐದು ಕಾರ್ಯಕ್ರಮ ಹೋದವು. ಅಂಗಡಿಯಲ್ಲಿ ಉಳುಕಿದ ಕೈಯಲ್ಲೂ ಬಿಲ್ ಬರೆಯಬಹುದು, ಕೀಬೋರ್ಡ್ ಮುಂದೆ ಆಗುವುದಿಲ್ಲ. ಅವತ್ತಿನಿಂದ ಅವನು ಬರುವವರೆಗೆ ಅಮ್ಮಿ ಮಲಗುವುದಿಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಇರುವುದರಿಂದ ಸ್ಟೇಜ್ ಬೇಗ ಮುಗಿದರೂ, ಸಾಮಾನು ಕಟ್ಟಿ ಮನೆ ಮುಟ್ಟುವಾಗ ಒಂದು ಗಂಟೆ ದಾಟಿರುತ್ತದೆ. ಅಮ್ಮಿಯ ಆ ನಿದ್ದೆಯನ್ನು ಯಾವ ಖಾತೆಗೆ ಬರೆಯಬೇಕೋ ನನಗೆ ಗೊತ್ತಾಗಲಿಲ್ಲ.

ಆದರೆ ಮಾಡಬಹುದಾದದ್ದು ಇತ್ತು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರಕ್ಷಣೆ. 2021ರಲ್ಲಿ ಶುರುವಾದ ಇ-ಶ್ರಮ್‌ನಲ್ಲಿ ಅಸಂಘಟಿತ ಕೆಲಸಗಾರರಾಗಿ ಹೆಸರು ನೋಂದಾಯಿಸಬಹುದು. ಎರಡೂ ಭಾಯಿ ಮಾಡಿಸಿರಲಿಲ್ಲ. ಈಗ ಇ-ಶ್ರಮ್ ಆಗಿದೆ, ಬ್ಯಾಂಕಿನದು ಅರ್ಜಿ ಕೊಟ್ಟಾಗಿದೆ.

ಬೇಡವೆಂದು ಬಿಟ್ಟ ಹಣ

ಸಂಗೀತದ ಬಗ್ಗೆ ಉಲಮಾಗಳಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ, ಈ ಲೇಖನದ ಉದ್ದೇಶವೂ ಅದಲ್ಲ. ಆದರೆ ನಮ್ಮ ಮನೆಯಲ್ಲಿ ಅಬ್ಬಾ ಮತ್ತು ಭಾಯಿ ನಡುವೆ ಒಂದು ಮಾತಿದೆ: ಮದ್ಯ ಹಂಚುವ ಪಾರ್ಟಿಗೆ ಹೋಗುವುದಿಲ್ಲ. ಅಂಥ ಕಡೆ ಒಂದು ರಾತ್ರಿಗೆ 5,000 ಕೊಡುತ್ತಾರೆ. ಕಳೆದ ವರ್ಷ ಭಾಯಿ 6 ಬಿಟ್ಟ. 30,000 ರೂಪಾಯಿ. ಇದೂ ಅವಕಾಶ ವೆಚ್ಚವೇ. “ಇದನ್ನು ನಷ್ಟ ಅಂತ ಬರೆಯಬೇಕಾ?” ಎಂದು ಕೇಳಿದೆ. “ನಷ್ಟ ಅಂತ ಬರೀಬೇಡ, ಆದರೆ ಬರೆ” ಎಂದ. ಒಬ್ಬರ ನಂಬಿಕೆಗೆ ಎಷ್ಟು ಖರ್ಚಾಗುತ್ತಿದೆ ಎಂದು ಗೊತ್ತಿರಬೇಕು, ಆಗಲೇ ಅದು ತಿಳಿದು ಮಾಡಿದ ಆಯ್ಕೆ ಆಗುತ್ತದೆ ಎಂದು ನನಗೆ ಅನ್ನಿಸಿತು.

ಇತರರು ಹೇಗೆ ಬದುಕಿದರು

ಶಹನಾಯಿ ಮದುವೆ ಮನೆಯ ಬಾಗಿಲಲ್ಲಿ ಊದುವ ವಾದ್ಯವಾಗಿತ್ತು. ಅದನ್ನು ಕಛೇರಿ ವೇದಿಕೆಗೆ ತಂದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. 2001ರಲ್ಲಿ ಅವರಿಗೆ ಭಾರತ ರತ್ನ ಬಂತು. ಆದರೆ ಎಲ್ಲರೂ ಬಿಸ್ಮಿಲ್ಲಾ ಖಾನ್ ಆಗುವುದಿಲ್ಲ, ಲೆಕ್ಕ ಹಾಕುವಾಗ ಅಂಥವರನ್ನು ಸರಾಸರಿಯಾಗಿ ಹಿಡಿಯಬಾರದು. ನಮಗೆ ಹತ್ತಿರದ ದಾರಿ ಧಾರವಾಡದ ಸಿತಾರ್ ವಾದಕ ಉಸ್ತಾದ್ ಬಾಲೇ ಖಾನ್ ಅವರದು. ಅವರು ಧಾರವಾಡ ಆಕಾಶವಾಣಿಯಲ್ಲಿ ನಿಲಯದ ಕಲಾವಿದರಾಗಿದ್ದರು. ಸಂಬಳವೂ ಇತ್ತು, ಸಂಗೀತವೂ ಇತ್ತು, ಶಿಷ್ಯರೂ ಇದ್ದರು. ಇಂದು ಅಂಥ ಹುದ್ದೆಗಳು ಬಹಳ ವಿರಳ. ಆಡಿಷನ್ ಪಾಸಾಗಿ ಗ್ರೇಡ್ ಪಡೆದ ಕಲಾವಿದರನ್ನು ಆಕಾಶವಾಣಿ ಕಾರ್ಯಕ್ರಮಕ್ಕೆ ಕರೆಯುತ್ತದೆ, ಅದು ತಿಂಗಳ ಸಂಬಳವಲ್ಲ.

ಇನ್ನೊಂದು ವಿಷಯ ಹಕ್ಕಿನದು. ಬೇರೆಯವರ ಹಾಡು ನುಡಿಸುವವರಿಗೆ ಆ ರಾತ್ರಿಯ ಕೂಲಿ ಮಾತ್ರ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಗಟ್ಟಿ ಮಾಡಿತು. ಮದುವೆ ಮತ್ತು ಅದಕ್ಕೆ ಸಂಬಂಧಿಸಿದ ಸಮಾರಂಭದಲ್ಲಿ ಹಾಡು ನುಡಿಸುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಭಾಯಿ ಒಮ್ಮೆ ಒಂದು ಜಾಹೀರಾತಿಗೆ ಸ್ವಂತ ರಾಗ ಮಾಡಿ 3,000 ತೆಗೆದುಕೊಂಡು ಬಂದಿದ್ದ. ಒಂದು ಸಾಲಿನ ಕಾಗದವೂ ಇಲ್ಲ. ಸ್ವಂತ ರಾಗ ಎಂದರೆ ಆಸ್ತಿ. ಅದನ್ನು ಕೊಡುವಾಗ ಏನನ್ನು, ಎಷ್ಟು ದಿನಕ್ಕೆ ಕೊಡುತ್ತಿದ್ದೇವೆ ಎಂದು ಬರೆದುಕೊಳ್ಳಬೇಕು.

ಮೂರು ದಾರಿ

ಕೊನೆಗೆ ಹಾಳೆಯಲ್ಲಿ ಹೀಗೆ ಬರೆದೆವು.

ಒಂದು: ಸಂಗೀತ ಮಾತ್ರ. 1,85,000.

ಎರಡು: ಅಂಗಡಿ ಕೆಲಸ, ರಜೆ ದಿನ ಸಿಕ್ಕರೆ ಕಾರ್ಯಕ್ರಮ. ಇದನ್ನು ಸೇರಿಸಲು ಹೇಳಿದ್ದೂ ಸರ್‌ ಅವರೇ. “ಒಂದು ಕಡೆಗೆ ವಾಲಿದ ತಕ್ಕಡಿ ಹಿಡಿಯಬೇಡ” ಎಂದರು. ವರ್ಷಕ್ಕೆ 15 ಕಾರ್ಯಕ್ರಮ ಎಂದರೆ 37,500. ಓಡಾಟ 6,000 ಮತ್ತು ಸವಕಳಿ 12,000 ಕಳೆದರೆ 19,500. ಸಂಬಳ ಸೇರಿ 2,11,500.

ಮೂರು: ಅರ್ಧ ದಿನದ ಕೆಲಸ ಮತ್ತು ಸಂಗೀತ. ತೆರಿಗೆ ಕೆಲಸ ಮಾಡುವ ಒಂದು ಆಫೀಸಿನಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಒಂದೂವರೆವರೆಗೆ ಟ್ಯಾಲಿ ಎಂಟ್ರಿ ಮಾಡಲು 7,000 ಕೊಡುತ್ತಾರೆ. ವರ್ಷಕ್ಕೆ 84,000. ಹಗಲಿನ ಸುಮಾರು 12 ಕಾರ್ಯಕ್ರಮ ಬಿಡಬೇಕಾಗಿ 30,000 ಹೋಗುತ್ತದೆ. ಒಟ್ಟು 2,39,000. ಗಂಟೆ 2,622, ಅಂಗಡಿಗಿಂತ ಇನ್ನೂ 810 ಕಡಿಮೆ.

ಅಂಕಿಯಲ್ಲಿ ಮೂರನೆಯದೇ ಮುಂದೆ. ಆದರೆ ಅಬ್ಬಾ ಕೇಳಿದ ಪ್ರಶ್ನೆಗೆ ಅಂಕಿಯಲ್ಲಿ ಉತ್ತರವಿಲ್ಲ. “ಈಗ ಒಬ್ಬ ಗಾಯಕ, ಒಂದು ಲ್ಯಾಪ್‌ಟಾಪ್, ಟ್ರ್ಯಾಕ್ ಹಾಕಿ ಹಾಡಿಬಿಡ್ತಾರೆ. ಹತ್ತು ವರ್ಷದ ಮೇಲೆ ಕೀಬೋರ್ಡ್‌ನವನನ್ನು ಯಾರು ಕರೀತಾರೆ?” ಭಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿಲ್ಲ ಅಬ್ಬಾ” ಎಂದ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅವನು ಈಗ ಇರುವ ತಂಡದ ಡ್ರಮ್ ನುಡಿಸುವವರು ಆಟೋ ಓಡಿಸಿ ಮನೆ ನಡೆಸಿದರಂತೆ. ಅವರ ಹತ್ತಿರ ಆಟೋ ಲೈಸೆನ್ಸ್ ಇತ್ತು. ಭಾಯಿಯ ಹತ್ತಿರ ಇರುವುದು ಬಿ.ಕಾಂ. ಅದನ್ನು ಬಳಸದೆ ತುಕ್ಕು ಹಿಡಿಸಬಾರದು ಎಂಬ ಕಾರಣಕ್ಕೇ ಮೂರನೆಯ ದಾರಿಗೆ ಅಬ್ಬಾ ಒಪ್ಪಿದರು.

ಅಂಗಡಿಯವರಿಗೆ ಭಾಯಿ ತಾನೇ ಹೋಗಿ ಧನ್ಯವಾದ ಹೇಳಿ ಬಂದ. ಜೂನ್ 16ರಿಂದ ಆಫೀಸಿಗೆ ಹೋಗುತ್ತಿದ್ದಾನೆ. ಅಧಿಕ ಮಾಸ ಮುಗಿದು ನಿಜ ಜ್ಯೇಷ್ಠದ ಮದುವೆಗಳೂ ಶುರುವಾಗಿವೆ. ರಾತ್ರಿ ಎರಡಕ್ಕೆ ಮಲಗಿ ಎಂಟೂವರೆಗೆ ಏಳುವುದು ಕಷ್ಟ ಎನ್ನುತ್ತಾನೆ. ಒಂದು ದಿನ ತಡವಾಗಿ ಹೋಗಿ ಮಾತು ಕೇಳಿಸಿಕೊಂಡಿದ್ದಾನೆ. ಇದು ನಿಲ್ಲುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅದಕ್ಕಾಗಿ ಡೈರಿಯ ಮೊದಲ ಪುಟದಲ್ಲಿ ಮೂವರ ಎದುರಿಗೆ ಒಂದು ಷರತ್ತು ಬರೆದಿದ್ದಾನೆ: 2028ರ ಮಾರ್ಚ್ ಹೊತ್ತಿಗೆ ಕಷ್ಟಕಾಲದ ಪಾಲು 60,000 ಆಗದಿದ್ದರೆ, ಅಥವಾ ಕಾರ್ಯಕ್ರಮ ವರ್ಷಕ್ಕೆ 60ಕ್ಕಿಂತ ಕಡಿಮೆಯಾದರೆ, ಪೂರ್ಣ ದಿನದ ಕೆಲಸ ಹುಡುಕುವುದು. ಅಮ್ಮಿ ಅದರ ಕೆಳಗೆ ಉರ್ದುವಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: ಮಳೆಗಾಲದಲ್ಲಿ ಬೈಕ್ ಬೇಡ, ತಂಡದ ಗಾಡಿಯಲ್ಲೇ ಬರುವುದು.

ನೀವೂ ಮಾಡಿ ನೋಡಿ

1. ನಿಮ್ಮ ಮನೆಯಲ್ಲಿ ‘ಕರೆದರೆ ಕೆಲಸ’ ಮಾಡುವವರ ಒಂದು ವರ್ಷದ ಗಳಿಕೆಯನ್ನು ತಿಂಗಳುವಾರು ಬರೆಯಿರಿ.
2. ಬಾಕಿ ಹಣದಲ್ಲಿ ಬರುವುದೆಷ್ಟು, ಬಾರದ್ದೆಷ್ಟು ಎಂದು ಬೇರೆ ಮಾಡಿ.
3. ಸಲಕರಣೆಗೆ ಸವಕಳಿ ಹಾಕಿ. ಹೊಲಿಗೆ ಯಂತ್ರ, ಕ್ಯಾಮೆರಾ, ಆಟೋ, ಯಾವುದಾದರೂ ಸರಿ.
4. ಕೆಲಸಕ್ಕೆ ಹೋಗುವ, ಕಾಯುವ, ಬರುವ ಹೊತ್ತನ್ನೂ ಸೇರಿಸಿ ಗಂಟೆಯ ಗಳಿಕೆ ಕಂಡುಹಿಡಿಯಿರಿ.
5. ಅತಿ ಕಡಿಮೆ ಗಳಿಕೆಯ ತಿಂಗಳು ಯಾವುದು, ಆಗ ಮನೆ ಹೇಗೆ ನಡೆಯಿತು ಎಂದು ಅವರನ್ನೇ ಕೇಳಿ. ಕೇಳುವಾಗ ಪರೀಕ್ಷಕರ ಹಾಗೆ ಕೇಳಬೇಡಿ. ನಾನು ಹಾಗೆ ಕೇಳಿ ಒಮ್ಮೆ ಬೈಸಿಕೊಂಡಿದ್ದೇನೆ.

ಹಾಳೆಯ ನಮೂನೆ ಬೇಕಾದವರು ಊಟದ ಬಿಡುವಿನಲ್ಲಿ ಲೈಬ್ರರಿಗೆ ಬನ್ನಿ, ಒಟ್ಟಿಗೆ ಕುಳಿತು ಗೆರೆ ಎಳೆಯೋಣ.